ಕೈಗೆ ಕೆಲಸ ಕೊಟ್ಟ ಮೇಲೆ: ಇಳಕಲ್ಲಿನ ನೇಕಾರ ದಂಪತಿಯ ಭಾವಚಿತ್ರ, ಒಂದು ಪ್ರಕರಣ ಅಧ್ಯಯನ

ಕೆಲಸ ಕೊಟ್ಟವರು ಮಗ. ಅಪ್ಪ-ಅವ್ವನ ಮದುವೆಗೆ 50 ವರ್ಷ ತುಂಬುವ ಹೊತ್ತಿಗೆ ಹೊಸ ಮನೆಯ ಹಾಲಿನಲ್ಲಿ ತೂಗುಹಾಕಲು 24×36 ಇಂಚಿನ ಒಂದು ಚಿತ್ರ ಬೇಕಿತ್ತು. ಅಪ್ಪ ಎಪ್ಪತ್ತು ದಾಟಿದ ನೇಕಾರ, ಇಳಕಲ್ಲಿನ ಹಳೇ ಓಣಿಯ ಮಟ್ಟ ಚಾವಣಿಯ ಮಾಳಿಗೆ ಮನೆಯಲ್ಲಿ ಈಗಲೂ ದಿನಾ ಕುಣಿ ಮಗ್ಗಕ್ಕೆ (ಗುಂಡಿ ಮಗ್ಗಕ್ಕೆ) ಇಳಿಯುವವರು. ಅವ್ವ ರಾಟಿಯ ಮುಂದೆ ಕೂತು ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುವವರು. ಮಗನ ಷರತ್ತು ಒಂದೇ: "ಆಧಾರ್ ಕಾರ್ಡಿನ ಫೋಟೋ ಆಗಬಾರದ್ರಿ, ಸಹಜ ಇರಬೇಕು."

ಸಹಜ ಅಂದರೆ ಏನು ಎಂದು ಕೇಳಿದಾಗ ಅವರು ಮೊಬೈಲಿನಲ್ಲಿ ತೋರಿಸಿದ ಮಾದರಿಗಳೆಲ್ಲ ಪ್ರೀ-ವೆಡ್ಡಿಂಗ್ ಜೋಡಿಗಳವು. ಹಣೆಗೆ ಹಣೆ ತಾಗಿಸಿದ್ದು, ಹಿಂದಿನಿಂದ ತಬ್ಬಿದ್ದು, ಕೈ ಹಿಡಿದು ನಡೆಯುತ್ತಾ ತಿರುಗಿ ನೋಡಿದ್ದು. ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಇಪ್ಪತ್ತೈದರ ಹುಡುಗ-ಹುಡುಗಿಗೆ ಅದು ಒಪ್ಪಬಹುದು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದೆ, ಸೊಸೆಯಂದಿರ ಎದುರು ಒಂದೇ ಹಾಸಿಗೆಯ ಮೇಲೆ ಕೂರದೆ ಅರ್ಧ ಶತಮಾನ ಬಾಳಿದವರ ಮೈಯಲ್ಲಿ ಆ ಭಂಗಿಗಳು ಇರುವುದೇ ಇಲ್ಲ. ಇಲ್ಲದ್ದನ್ನು ತರಿಸಲು ಹೊರಟರೆ ಬರುವುದು ನಾಟಕ. ಅವರ ಮೈಯಲ್ಲಿ ಏನಿದೆಯೋ ಅದನ್ನು ಒಳ್ಳೆಯ ಬೆಳಕಿನ ಜಾಗಕ್ಕೆ ತರುವುದಷ್ಟೇ ಇಲ್ಲಿ ಮಾಡಬಹುದಾದದ್ದು, ಈ ಪ್ರಕರಣ ನಡೆದದ್ದೂ ಹಾಗೆ. ಛಾಯಾಗ್ರಾಹಕ ಒಬ್ಬ, ಜೊತೆಗೆ ಬೆಳಕು ತಿರುಗಿಸುವ ರಿಫ್ಲೆಕ್ಟರ್ ಹಿಡಿಯಲು ಒಬ್ಬ ಸಹಾಯಕಿ. ಡಿಸೆಂಬರಿನ ಒಂದು ಬೆಳಗ್ಗೆ, ತಿಂಡಿ ಮುಗಿದ ಮೇಲಿನಿಂದ ಊಟದ ಹೊತ್ತಿನವರೆಗೆ.

ಬಿಗಿತಕ್ಕೆ ಕಾರಣಗಳು

ಪರೀಕ್ಷೆಗೆಂದು ತೆಗೆದ ಮೊದಲ ಕೆಲವು ಚಿತ್ರಗಳಲ್ಲೇ ರೋಗ ಪೂರ್ತಿ ಕಾಣುತ್ತಿತ್ತು. ಈ ಅಪ್ಪ-ಅವ್ವನನ್ನು ಇನ್ನು ಅಜ್ಜ-ಅಜ್ಜಿ ಎನ್ನೋಣ. ಅಜ್ಜನ ಎರಡೂ ಅಂಗೈ ತೊಡೆಯ ಮೇಲೆ ಒತ್ತಿ ಕೂತಿವೆ, ಬೆರಳುಗಳ ಗೆಣ್ಣು ಬಿಳಿಚಿದೆ. ಭುಜ ಕಿವಿಯತ್ತ ಏರಿದೆ. ಗದ್ದ ಮೇಲಕ್ಕೆತ್ತಿದೆ, ಹುಬ್ಬು ಹಾರಿದೆ, ಉಸಿರು ಕಟ್ಟಿದೆ. ಅಜ್ಜಿ ಅವರಿಂದ ಒಂದು ಮೊಳ ದೂರ, ನೋಟ ನೆಲದಲ್ಲಿ, ಒಂದು ಕೈ ಸೆರಗಿನ ಅಂಚನ್ನು ಹಿಡಿದು ತಿರುಚುತ್ತಿದೆ.

ಇಂಥ ಹೊತ್ತಿನಲ್ಲಿ "ಆರಾಮಾಗಿ ಕುಂದರ್ರಿ" ಅನ್ನುವುದು ಎಲ್ಲರ ಅಭ್ಯಾಸ. ಯಾವ ಉಪಯೋಗವೂ ಇಲ್ಲ, ಏಕೆಂದರೆ ಬಿಗಿತಕ್ಕೆ ಕಾರಣ ಒಂದಲ್ಲ, ಮತ್ತು ಪ್ರತಿಯೊಂದಕ್ಕೂ ಮದ್ದು ಬೇರೆ.

ಅಜ್ಜನ ಮಟ್ಟಿಗೆ ಫೋಟೋ ಅಂದರೆ ಸ್ಟುಡಿಯೋದ ಕುರ್ಚಿ, ಹಿಂದೆ ಬಣ್ಣದ ಪರದೆ, ಮೊಳಕಾಲ ಮೇಲೆ ಕೈ. ಆ ಭಂಗಿಗೂ ಒಂದು ಚರಿತ್ರೆಯಿದೆ. 1839ರಲ್ಲಿ ಆರಂಭಕಾಲದ ಛಾಯಾಗ್ರಹಣ ವಿಧಾನವಾದ ಡಗೆರೋಟೈಪ್ ಬಂದಾಗ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಿತ್ತು, ತಲೆ ಅಲ್ಲಾಡದಂತೆ ಹಿಂದಿನಿಂದ ಕಬ್ಬಿಣದ ಆಸರೆ ಕೊಡುತ್ತಿದ್ದರು. ಆಮೇಲೆ ಶಟರ್ ವೇಗ ಸಾವಿರ ಪಟ್ಟು ಹೆಚ್ಚಿದರೂ ಆ ಕೂರುವ ಕ್ರಮ ಮರ್ಯಾದೆಯ ಗುರುತಾಗಿ ಉಳಿದುಕೊಂಡಿತು. ಅಂದರೆ ಅಜ್ಜ ಹೆದರಿ ಹಾಗೆ ಕೂತಿರಲಿಲ್ಲ, ಸರಿಯಾಗಿ ಕೂತಿದ್ದೇನೆ ಅಂದುಕೊಂಡಿದ್ದರು. ಅದನ್ನು ತಪ್ಪು ಅನ್ನುವುದು ಅವರಿಗೆ ಅವಮಾನ.

ಗದ್ದ ಏರಿದ್ದಕ್ಕೆ ಕಾರಣ ಬೇರೆ: ಕಿವಿ. ಒಂದು ಕಿವಿ ಮಂದ. ಕ್ಯಾಮೆರಾದ ಹಿಂದಿನಿಂದ ಬರುವ ಮಾತಿನಲ್ಲಿ ಬಾಯಿ ಕಾಣುವುದಿಲ್ಲ, ತುಟಿ ನೋಡಿ ಅರ್ಥ ಮಾಡಿಕೊಳ್ಳುವ ದಾರಿಯೂ ಮುಚ್ಚುತ್ತದೆ. ಕೇಳಿಸದವರು ಹುಬ್ಬೆತ್ತಿ, ಕತ್ತು ಚಾಚಿ, ಬಾಯಿ ತುಸು ತೆರೆದು ಕೂರುತ್ತಾರೆ. ಅದು ಭಂಗಿಯ ತಪ್ಪಲ್ಲ, ಶ್ರವಣದ ಪ್ರಶ್ನೆ. ಕ್ಯಾಮೆರಾವನ್ನು ಟ್ರೈಪಾಡಿಗೆ ಹಾಕಿ, ಕೈಯಲ್ಲಿ ರಿಮೋಟ್ ಹಿಡಿದು, ಕೇಳುವ ಕಿವಿಯ ಪಕ್ಕಕ್ಕೆ ಬಂದು ಕೂತು ಮಾತಾಡಿದ ಮೇಲೆ ಹುಬ್ಬು ತಾನಾಗಿ ಇಳಿಯಿತು. ವಯಸ್ಸಾದವರ ಚಿತ್ರ ತೆಗೆಯುವಾಗ ಯಾವ ಕಿವಿ ಚೆನ್ನಾಗಿ ಕೇಳುತ್ತದೆ ಎಂದು ಮನೆಯವರನ್ನು ಮೊದಲೇ ಕೇಳಿಕೊಳ್ಳುವುದು ಲೆನ್ಸ್ ಆರಿಸುವುದಕ್ಕಿಂತ ಮುಖ್ಯ.

ಮೂರನೆಯದು ಸುತ್ತಲಿನ ಜನ. ಬಾಗಿಲಲ್ಲಿ ಸೊಸೆಯಂದಿರು, ಪಕ್ಕದ ಮನೆಯವರು, ಮಕ್ಕಳು, ಎಲ್ಲರದ್ದೂ ಒಂದೇ ಕೂಗು, "ನಗ್ರಿ, ನಗ್ರಿ." ಫ್ರೆಂಚ್ ವೈದ್ಯ ಡ್ಯುಶೆನ್ 1862ರಷ್ಟು ಹಿಂದೆಯೇ ತೋರಿಸಿದಂತೆ, ನಿಜವಾದ ನಗುವಿನಲ್ಲಿ ತುಟಿಯ ತುದಿ ಏಳುವುದರ ಜೊತೆ ಕಣ್ಣಿನ ಸುತ್ತಲಿನ ಸ್ನಾಯುವೂ ಕುಗ್ಗುತ್ತದೆ. ತುಟಿಯನ್ನು ಬೇಕೆಂದಾಗ ಎಳೆಯಬಹುದು, ಕಣ್ಣಿನ ಸ್ನಾಯು ಬಹಳಷ್ಟು ಜನರಿಗೆ ಅಷ್ಟು ಸುಲಭವಾಗಿ ಮಾತು ಕೇಳುವುದಿಲ್ಲ. ಆಜ್ಞೆಗೆ ಬಂದ ನಗುವಿನಲ್ಲಿ ಕಣ್ಣು ಖಾಲಿಯಿರುವುದು ಅದಕ್ಕೇ. ಜನರನ್ನು ಗದರಿಸಿ ಕಳಿಸಿದರೆ ಮನೆಯ ಗಾಳಿ ಕೆಡುತ್ತದೆ. ಸೊಸೆಯಂದಿರಿಗೆ ಚಹಾದ ಕೆಲಸ, ಮಕ್ಕಳಿಗೆ ಹೊರಗೆ ಬ್ಯಾಗು ಕಾಯುವ ಕೆಲಸ ಹಂಚಲಾಯಿತು. ಮಗನಿಗೆ ಮಾತ್ರ ನೇರವಾಗಿ ಹೇಳಬೇಕಾಯಿತು: ನಗು ಎಂಬ ಶಬ್ದ ಇವತ್ತು ಯಾರೂ ಆಡುವ ಹಾಗಿಲ್ಲ. ಉಳಿದದ್ದು ಒಬ್ಬ ಮೊಮ್ಮಗ, ಅಜ್ಜನ ಜೊತೆ ಸಲುಗೆಯಿದ್ದವನು. ಅವನು ಆಮೇಲೆ ಬಹಳ ಉಪಯೋಗಕ್ಕೆ ಬಂದ.

ಕೊನೆಯ ಕಾರಣ ಯಾರೂ ಊಹಿಸಿರಲಿಲ್ಲ. ಚಿತ್ರ ಎಷ್ಟು ದೊಡ್ಡದು ಎಂದು ಕೇಳಿ ತಿಳಿದುಕೊಂಡ ಅಜ್ಜ, "ಹಾರ ಹಾಕಾಕ ಈಗ ತಗಸಾಕತ್ತಾರೇನ?" ಅಂದರು. ತಮಾಷೆಯ ದನಿಯಲ್ಲೇ, ಆದರೆ ಪೂರ್ತಿ ತಮಾಷೆಯಲ್ಲ. ಈ ಕಡೆಯ ಮನೆಗಳಲ್ಲಿ ಗೋಡೆಯ ಮೇಲಿನ ದೊಡ್ಡ ಒಂಟಿ ಚಿತ್ರಕ್ಕೆ ಒಂದೇ ಅರ್ಥ. ಇದು ಇಬ್ಬರೂ ಒಟ್ಟಿಗೆ ಇರುವ ಚಿತ್ರ, 50ನೇ ವರ್ಷದ ಕಾರ್ಯಕ್ರಮಕ್ಕೆ ಎಂದು ಮಗನೇ ಬಂದು ಕೂತು ಹೇಳಿದ ಮೇಲೆ ವಿಷಯ ಹಗುರಾಯಿತು. ಹಿರಿಯರ ಚಿತ್ರದ ಕೆಲಸ ಒಪ್ಪಿಕೊಳ್ಳುವ ಯಾರೇ ಆಗಲಿ ಈ ಮಾತನ್ನು ಮೊದಲೇ ಮನೆಯವರ ಬಾಯಿಂದ ಆಡಿಸಿಬಿಡುವುದು ಒಳ್ಳೆಯದು.

ಬೆಳಕಿಗೆ ಬಾಗಿಲು

ಮಾಳಿಗೆ ಮನೆಯ ಒಳಗೆ ಬೆಳಕು ಬರುವುದು ಎರಡು ಕಡೆಯಿಂದ: ಮೇಲಿನ ಬೆಳಕಿಂಡಿ, ಮುಂದಿನ ಬಾಗಿಲು. ಬೆಳಕಿಂಡಿಯ ಕಂಬದಂಥ ಬೆಳಕು ನೋಡಲು ಮೋಹಕ, ಭಾವಚಿತ್ರಕ್ಕೆ ಕೆಟ್ಟದ್ದು. ನೆತ್ತಿಯಿಂದ ಬಿದ್ದ ಬೆಳಕಿಗೆ ಕಣ್ಣಿನ ಗುಳಿ ಕಪ್ಪಾಗುತ್ತದೆ. ರುಮಾಲು ಸುತ್ತಿದವರಿಗಂತೂ ಮೂಗಿನವರೆಗೆ ನೆರಳು. ಅದನ್ನು ಒಂದು ತುಂಡು ಬಟ್ಟೆಯಿಂದ ಮುಚ್ಚಲಾಯಿತು.

ಬಾಗಿಲು ಉತ್ತರಕ್ಕಿತ್ತು. ಡಿಸೆಂಬರಿನಲ್ಲಿ ಇಳಕಲ್ಲಿನ ಅಕ್ಷಾಂಶದಲ್ಲಿ ನಡುಹಗಲಿನ ಸೂರ್ಯ ದಕ್ಷಿಣದ ಕಡೆ ಸುಮಾರು 50 ಡಿಗ್ರಿಗಷ್ಟೇ ಏರುತ್ತಾನೆ, ಉತ್ತರದ ಬಾಗಿಲಿಗೆ ದಿನವಿಡೀ ನೇರ ಬಿಸಿಲು ಬೀಳುವುದಿಲ್ಲ. ಮೆತ್ತಗಿನ, ಗಂಟೆಗಟ್ಟಲೆ ಬದಲಾಗದ ಬೆಳಕು. ಬೆಳಕು ಬದಲಾಗದಿದ್ದರೆ ಸೆಟ್ಟಿಂಗ್ ಮುಟ್ಟಬೇಕಿಲ್ಲ, ಕಣ್ಣು ಪೂರ್ತಿ ಕೂತವರ ಮೇಲಿರುತ್ತದೆ. ಭಂಗಿಯ ಕೆಲಸಕ್ಕೆ ಇದೇ ದೊಡ್ಡ ಅನುಕೂಲ.

ಒಂದು ತೊಡಕು ಮಾತ್ರ ಇತ್ತು. ಪಡಸಾಲೆಯ ನೆಲಕ್ಕೆ ಇಳಕಲ್ಲಿನದೇ ಕೆಂಪು ಗ್ರಾನೈಟ್ ಹಾಕಿಸಿದ್ದರು. ಪಾಲಿಶ್ ಮಾಡಿದ ಕೆಂಪು ಕಲ್ಲು ಗದ್ದದ ಕೆಳಗೆ, ಬಿಳಿ ಧೋತರದ ಮೇಲೆ ಗುಲಾಬಿ ಛಾಯೆ ಎರಚುತ್ತದೆ. ಕಂಪ್ಯೂಟರಿನಲ್ಲಿ ವೈಟ್ ಬ್ಯಾಲೆನ್ಸ್ (ಇಡೀ ಚಿತ್ರದ ಬಣ್ಣದ ಹದ) ತಿದ್ದಿದರೆ ಹೋಗದು, ಏಕೆಂದರೆ ಬಾಗಿಲ ಕಡೆಯ ಕೆನ್ನೆಗೆ ತಣ್ಣನೆಯ ನೀಲಿ ಛಾಯೆ, ಗದ್ದದಡಿ ಬಿಸಿಯಾದ ಕೆಂಪು ಛಾಯೆ, ಎರಡೂ ಒಂದೇ ಚಿತ್ರದಲ್ಲಿರುತ್ತವೆ. ಮನೆಯ ಕರಿ ಕಂಬಳಿಯನ್ನು ಅವರ ಕಾಲ ಮುಂದೆ ಹಾಸಿದಾಗ ಸಮಸ್ಯೆ ಮುಗಿಯಿತು. ರುಮಾಲಿನ ನೆರಳಿಗೆ ಬಿಳಿ ರಿಫ್ಲೆಕ್ಟರನ್ನು ಮೊಳಕಾಲ ಎತ್ತರದಲ್ಲಿ, ಮೇಲ್ಮುಖವಾಗಿ ಹಿಡಿದದ್ದು ಸಾಕಾಯಿತು. ರಿಫ್ಲೆಕ್ಟರಿನ ಬೆಳ್ಳಿ ಬಣ್ಣದ ಬದಿ ಬಳಸಿದರೆ ಕಣ್ಣು ಕಿರಿದಾಗುತ್ತದೆ, ಹಿರಿಯರ ಕಣ್ಣಿಗೆ ಅದು ಹಿಂಸೆಯೂ ಹೌದು. ಬಿಳಿ ರುಮಾಲು, ಬಿಳಿ ಅಂಗಿ ನೋಡಿ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮೋಸ ಹೋಗಿ ಮುಖವನ್ನು ಕಪ್ಪಾಗಿಸುತ್ತದೆ. ಆದ್ದರಿಂದ ಮ್ಯಾನುವಲ್, ಅಂದರೆ ಕೈಯಾರೆ ಕೂರಿಸಿದ ಲೆಕ್ಕ: ಲೆನ್ಸಿನ ಕಿಂಡಿ ಎಫ್/4, ಶಟರ್ 1/250 ಸೆಕೆಂಡ್, ಸೆನ್ಸರಿನ ಸೂಕ್ಷ್ಮತೆ ಐಎಸ್‌ಒ 1600ರ ಸುತ್ತಮುತ್ತ, ರುಮಾಲಿನ ಎಳೆಯ ವಿವರ ಉಳಿಯುವಷ್ಟಕ್ಕೆ ಮಿತಿ.

ಮೊದಲು ಅವರು ಬಯಸಿದ ಫೋಟೋ

ಅಜ್ಜನ ತಲೆಯಲ್ಲಿದ್ದ ಫೋಟೋವನ್ನು ಮೊದಲು ತೆಗೆದುಬಿಡುವುದು ಎಂಬ ನಿರ್ಧಾರ ಇಡೀ ಬೆಳಗನ್ನು ಉಳಿಸಿತು ಎನ್ನಬೇಕು. ಎರಡು ಕುರ್ಚಿ, ಪಕ್ಕಪಕ್ಕ, ನಡುವೆ ಒಂದು ಗೇಣು. 50 ಎಂಎಂ ಲೆನ್ಸ್, ಎರಡೂವರೆ ಮೀಟರ್ ದೂರ, ಕ್ಯಾಮೆರಾ ಕೂತವರ ಎದೆಯ ಮಟ್ಟಕ್ಕೆ. ಕೈ ಮೊಳಕಾಲ ಮೇಲೆಯೇ ಇರಲಿ, ನಗು ಬೇಡ, ಕಣ್ಣು ಲೆನ್ಸಿಗೆ. ಸಹಾಯಕಿ ಸೀರೆಯ ನಿರಿಗೆ ಸರಿಮಾಡಿದಳು. ಛಾಯಾಗ್ರಾಹಕ ಗಂಡಸಾದರೆ ಸೆರಗು-ನಿರಿಗೆಗೆ ಕೈ ಹಾಕುವ ಮಾತೇ ಇಲ್ಲ, ಹೆಣ್ಣುಮಗಳೊಬ್ಬಳು ಜೊತೆಗಿರಬೇಕು, ಇಲ್ಲವೇ ಸೊಸೆಗೆ ಹೇಳಬೇಕು. ಈ ಚಿತ್ರವನ್ನು ಶ್ರದ್ಧೆಯಿಂದಲೇ ತೆಗೆದರು, ಬೇಗಬೇಗ ಮುಗಿಸುವ ಶಾಸ್ತ್ರವಾಗಿ ಅಲ್ಲ.

ಆಮೇಲೆ "ಆತ್ರಿ, ಛಲೋ ಬಂತು" ಎಂದು ಛಾಯಾಗ್ರಾಹಕ ಎದ್ದು ನಿಂತಾಗ ನಡೆದದ್ದನ್ನು ಭಾವಚಿತ್ರ ತೆಗೆಯುವವರೆಲ್ಲ ಬಲ್ಲರು: ಭುಜ ಇಳಿಯಿತು, ಅಜ್ಜ ಉಸಿರು ಬಿಟ್ಟರು, ಕೈ ತೊಡೆಯಿಂದ ಎದ್ದು ಮೀಸೆಗೆ ಹೋಯಿತು, ಅಜ್ಜಿ ಅವರತ್ತ ತಿರುಗಿ ಏನೋ ಅಂದರು. ಈ ಸಡಿಲ ಎರಡು-ಮೂರು ಸೆಕೆಂಡ್ ಮಾತ್ರ. ಟ್ರೈಪಾಡಿನ ಮೇಲೆ ಫೋಕಸ್ ಕೂರಿಸಿ, ಕೈಯಲ್ಲಿ ರಿಮೋಟ್ ಇದ್ದದ್ದರಿಂದ ಅದು ಸಿಕ್ಕಿತು. ಆದರೆ ಈ ಉಪಾಯ ಒಂದೇ ಸಲ ನಡೆಯುತ್ತದೆ. ಎರಡನೇ ಸಲ "ಆತ್ರಿ" ಅಂದಾಗ ಅವರು ಸಡಿಲಿಸದೆ ಕಾಯುತ್ತಾರೆ, ಮೂರನೇ ಸಲಕ್ಕೆ ನಂಬಿಕೆಯೇ ಹೋಗುತ್ತದೆ. ಆ ಒಂದು ಸಲವನ್ನು ಸಣ್ಣ ಗುರಿಗೆ ಖರ್ಚು ಮಾಡಬಾರದು.

ಕೆಣಕಿ ಭಾವ ತೆಗೆಸುವ ಇನ್ನೊಂದು ದಾರಿಯೂ ಪ್ರಸಿದ್ಧವಾಗಿದೆ. 1941ರ ಡಿಸೆಂಬರ್ 30ರಂದು ಕೆನಡಾದ ಒಟ್ಟಾವಾದಲ್ಲಿ ಛಾಯಾಗ್ರಾಹಕ ಯೂಸುಫ್ ಕಾರ್ಷ್ ಬ್ರಿಟನ್ನಿನ ಪ್ರಧಾನಿ ಚರ್ಚಿಲ್ಲರ ಬಾಯಿಂದ ಸಿಗಾರ್ ಕಿತ್ತುಕೊಂಡು ಆ ಸಿಡುಕಿನ ಮುಖ ಸೆರೆಹಿಡಿದರು. ಇಲ್ಲಿ ಅಜ್ಜನ ರುಮಾಲು ತೆಗೆಸಿಯೋ ಕೈಯ ಕೋಲು ಕಸಿದೋ ಹಾಗೆ ಮಾಡಹೋದರೆ ಚಿತ್ರವೂ ಇಲ್ಲ, ಚಹಾವೂ ಇಲ್ಲ.

ಮಗ್ಗದೊಳಗೆ ಅಜ್ಜ

ಕುಣಿ ಮಗ್ಗದಲ್ಲಿ ನೇಕಾರ ನೆಲದ ಅಂಚಿನ ಮೇಲೆ ಕೂತು ಕಾಲನ್ನು ಗುಂಡಿಯೊಳಗೆ ಬಿಡುತ್ತಾನೆ. ಅವನ ಕಣ್ಣು ನೆಲದಿಂದ ಎರಡಡಿಗಿಂತ ತುಸು ಮೇಲಷ್ಟೇ. ನಿಂತು ತೆಗೆದರೆ ಸಿಗುವುದು ರುಮಾಲಿನ ಮೇಲ್ಭಾಗ. ಕುಕ್ಕರುಗಾಲಲ್ಲಿ ಕೂತರೂ ಕ್ಯಾಮೆರಾ ಎತ್ತರವೇ. ನೆಲಕ್ಕೆ ಕೂತು, ಲೆನ್ಸನ್ನು ಸುಮಾರು 60 ಸೆಂಟಿಮೀಟರಿಗೆ ಇಳಿಸಿ, ಬಾಗಿಲ ಬೆಳಕು ಅಜ್ಜನ ಎಡಕೆನ್ನೆಗೆ ಬರುವಂತೆ ಓರೆಯಾಗಿ ಜಾಗ ಹಿಡಿಯಲಾಯಿತು.

ಮಗ್ಗಕ್ಕೆ ಇಳಿದ ಕೂಡಲೇ ಮೈ ಬೇರೆಯಾಯಿತು. ಬೆನ್ನು ತನ್ನ ಬಾಗನ್ನು ತಾನೇ ಹುಡುಕಿಕೊಂಡಿತು, ಮೊಳಕೈ ಪಕ್ಕೆಯಿಂದ ದೂರವಾಯಿತು, ಒಂದು ಕೈ ಲಾಳಿಯ ಹಗ್ಗಕ್ಕೆ, ಇನ್ನೊಂದು ಹಣಿಗೆಗೆ. ಕೈ ಎಲ್ಲಿಡಲಿ ಎಂಬ ಪ್ರಶ್ನೆಯೇ ಏಳಲಿಲ್ಲ. ಆದರೂ ನೇಯುತ್ತಿರುವ ಚಿತ್ರಗಳು ಕೆಲಸಕ್ಕೆ ಬರಲಿಲ್ಲ. ನೇಕಾರನ ದೃಷ್ಟಿ ಬಟ್ಟೆಯ ಮೇಲೆ ನೆಟ್ಟಿರುತ್ತದೆ, ಮುಂದಿನಿಂದ ನೋಡಿದರೆ ರೆಪ್ಪೆ ಮುಚ್ಚಿದಂತೆ, ನಿದ್ದೆ ಹತ್ತಿದಂತೆ. ಇಂಥ ಚಿತ್ರಗಳು ಪತ್ರಿಕೆಯ ಕೈಮಗ್ಗ ಲೇಖನಕ್ಕೆ ನಡೆಯುತ್ತವೆ. ಮಗನ ಹಾಲಿಗೆ ನಡೆಯುವುದಿಲ್ಲ.

ಉಪಾಯ ಸಿಕ್ಕಿದ್ದು ಎಳೆ ಹರಿದಾಗ. ಹಾಸಿನ ಎಳೆಯೊಂದು ತುಂಡಾಯಿತು, ಅಜ್ಜ ಮಗ್ಗ ನಿಲ್ಲಿಸಿ, ಮುಂದಕ್ಕೆ ಬಾಗಿ, ಎಳೆಯ ತುದಿ ಹಿಡಿದು ಬೆಳಕಿನತ್ತ ಎತ್ತಿದರು. ಕೈ ಮುಖದಿಂದ ಒಂದು ಗೇಣಿನಷ್ಟು ದೂರ, ಬೆರಳುಗಳ ತುದಿ ಸೇರಿವೆ, ಅಂಗೈಯ ಅಗಲ ಕಾಣದೆ ಅಂಚು ಕಾಣುತ್ತಿದೆ, ಕಣ್ಣು ತೆರೆದಿದೆ. ಕೈಯನ್ನು ಚಿತ್ರದಲ್ಲಿ ಹೇಗೆ ಕೂರಿಸಬೇಕು ಎಂದು ಪಾಠ ಹೇಳುವ ಸಂಗತಿಗಳೆಲ್ಲ ಯಾರೂ ಹೇಳದೆ ಅಲ್ಲಿದ್ದವು: ಹಿಂಗೈಯ ಚಪ್ಪಟೆ ಭಾಗ ಲೆನ್ಸಿಗೆ ತೋರಬಾರದು, ಮಣಿಕಟ್ಟು ತುಸು ಮಡಿದಿರಬೇಕು, ಬೆರಳುಗಳ ನಡುವೆ ಗಾಳಿ ಇರಬೇಕು. ಆ ಮೇಲೆ ಹರಿಯುವುದನ್ನು ಕಾಯಬೇಕಾಗಲಿಲ್ಲ. ಪಕ್ಕದ ದಾರದ ತುಂಡೊಂದನ್ನು ಕೊಟ್ಟು "ಗಂಟು ಹ್ಯಾಂಗ ಹಾಕ್ತೀರಿ, ಇನ್ನೊಮ್ಮೆ ತೋರಸ್ರಿ" ಅಂದರೆ ಸಾಕಿತ್ತು.

ಇನ್ನು ನೋಟ. ಕೈ ಕೆಲಸದಲ್ಲಿರುವಾಗಲೇ ಪ್ರಶ್ನೆ ಕೇಳಬೇಕು, ಕೆಲಸ ನಿಲ್ಲಿಸಿ ಅಲ್ಲ. ಪ್ರಶ್ನೆ ಎಲ್ಲಿಂದ ಬರುತ್ತದೋ ನೋಟ ಅಲ್ಲಿಗೆ ಹೋಗುತ್ತದೆ, ಆದ್ದರಿಂದ ಮೊಮ್ಮಗನನ್ನು ಲೆನ್ಸಿನ ಬಲಕ್ಕೆ ಒಂದಡಿ ದೂರದಲ್ಲಿ, ಲೆನ್ಸಿನಷ್ಟೇ ಎತ್ತರದಲ್ಲಿ ಕೂರಿಸಿದರು. ಎಂಥ ಪ್ರಶ್ನೆ ಎಂಬುದೂ ಮುಖ್ಯ. "ಒಂದು ಸೀರಿಗೆ ಎಷ್ಟು ದಿನ ಹಿಡೀತದ?" ಎಂದು ಕೇಳಿದಾಗ ಅಜ್ಜ ಲೆಕ್ಕ ಹಾಕಲು ಮಾಳಿಗೆಯ ತೊಲೆ ನೋಡಿದರು, ಲೆಕ್ಕ ಕೇಳಿದರೆ ಜನರ ಕಣ್ಣು ದೂರ ಸರಿಯುತ್ತದೆ. ಹೌದು-ಅಲ್ಲ ಎಂದು ಮುಗಿಯುವ ಪ್ರಶ್ನೆಗೆ ಬರೀ ತಲೆಯಲ್ಲಾಡುತ್ತದೆ, ಆ ಅಲುಗಾಟದಲ್ಲಿ ಮುಖ ಮಸುಕು. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ತಪ್ಪು ಹೇಳಿಕೆ. ಮಗ್ಗದ ಮೇಲಿದ್ದದ್ದು ಚಿಕ್ಕಿ ಪರಾಸಿನ ದಡಿ (ಸೀರೆಯಂಚಿನ ಒಂದು ವಿನ್ಯಾಸ), ಗೋಮಿ ಬೇರೆಯೇ ವಿನ್ಯಾಸ. ಮೊಮ್ಮಗ ಹೇಳಿಕೊಟ್ಟಂತೆ "ಅಜ್ಜಾ, ಇದು ಗೋಮಿ ದಡಿ ಅಲ್ಲಾ?" ಅಂದ. ಅಜ್ಜನ ಎಡಗೈ ಎಳೆಯ ಮೇಲೆಯೇ ಉಳಿಯಿತು, ಬಲಗೈಯ ತೋರುಬೆರಳು ಎದ್ದಿತು, ಮುಖ ಮೊಮ್ಮಗನತ್ತ ತಿರುಗಿತು, ಕಣ್ಣಲ್ಲಿ ನೇಕಾರನ ಗತ್ತು ಮತ್ತು ಹುಡುಗನ ಮೇಲಿನ ಅಕ್ಕರೆ ಎರಡೂ. ತನಗೆ ಚೆನ್ನಾಗಿ ಗೊತ್ತಿರುವುದನ್ನು ಯಾರಾದರೂ ತಪ್ಪಾಗಿ ಹೇಳಿದಾಗ ಮನುಷ್ಯ ಇಡೀ ಮೈಯಿಂದ ತಿದ್ದುತ್ತಾನೆ.

ಒತ್ತಬೇಕಾದ ಕ್ಷಣ ಯಾವುದು? ಕಣ್ಣು ಮೊದಲು ಏಳುತ್ತದೆ, ಬಾಯಿ ಆಮೇಲೆ ತೆರೆಯುತ್ತದೆ, ನಡುವೆ ಅರ್ಧ ಸೆಕೆಂಡಿನಷ್ಟು ಬಿಡುವಿರುತ್ತದೆ. ಮಾತು ಶುರುವಾದ ಮೇಲೆ ತುಟಿ ವಿಚಿತ್ರ ಆಕಾರಗಳಲ್ಲಿ ಸಿಕ್ಕಿಬೀಳುತ್ತದೆ. ಕೈಗೂ ಹಾಗೇ. ಸಂಜ್ಞೆಗಳ ಅಧ್ಯಯನ ಮಾಡಿದ ಆಡಂ ಕೆಂಡನ್ ಕೈಸನ್ನೆಯೊಂದರಲ್ಲಿ ಸಿದ್ಧತೆ, ಮುಖ್ಯ ಚಲನೆ, ಹಿಂದಿರುಗುವಿಕೆ ಎಂಬ ಹಂತಗಳನ್ನು ಗುರುತಿಸಿದ್ದಾರೆ. ಕೈ ಮೇಲೇರಿ ಇಳಿಯಲು ತಿರುಗುವ ತುದಿಯಲ್ಲಿ ಅದರ ವೇಗ ಸೊನ್ನೆಗೆ ಬರುತ್ತದೆ. ಅಲ್ಲಿ ಒತ್ತಿದರೆ 1/125ರಲ್ಲೂ ಬೆರಳು ಚೂಪು. ದಾರಿಯ ನಡುವೆ ಒತ್ತಿದರೆ 1/250 ಕೂಡ ಸಾಲದು. ಬರ್ಸ್ಟ್ ಮೋಡಿನಲ್ಲಿ ಸೆಕೆಂಡಿಗೆ ಹತ್ತು ಚಿತ್ರ ಹೊಡೆದು ಆರಿಸಿಕೊಳ್ಳುವವರಿದ್ದಾರೆ. ಆದರೆ ಆ ಟಕಟಕ ಸದ್ದಿಗೆ ಹಿರಿಯರು ಗಾಬರಿಯಾಗಿ ಲೆನ್ಸಿನತ್ತ ನೋಡಿಬಿಡುತ್ತಾರೆ. ಸದ್ದಿಲ್ಲದ ಶಟರ್ ಇದ್ದರೆ ಮಾತು ಬೇರೆ.

ಸೆರಗು, ಬಾಯಿಗೆ ಬಂದ ಕೈ

ಅಜ್ಜಿಗೆ ರಾಟಿ. ಬಲಗೈ ಚಕ್ರ ತಿರುಗಿಸುತ್ತದೆ, ಎಡಗೈ ಎಳೆ ಹಿಡಿದು ಪಕ್ಕಕ್ಕೆ ಚಾಚಿರುತ್ತದೆ. ತೋಳು ಮತ್ತು ಮೈ ನಡುವೆ ತಾನಾಗಿ ತೆರವು ಬೀಳುತ್ತದೆ. ತೋಳನ್ನು ಮೈಗೆ ಒತ್ತಿ ಕೂತಾಗ ದಪ್ಪಗೆ ಕಾಣುವವರಿಗೆ ಇದು ಬಲು ಉಪಕಾರಿ. ಮೊಳಕಾಲು ನೋವಿನಿಂದ ನೆಲದ ಮೇಲೆ ಹತ್ತು ನಿಮಿಷ ಮೀರಿ ಕೂರಲಾರರು, ನೋವು ಮೊದಲು ಕಾಣುವುದು ಹುಬ್ಬಿನ ನಡುವೆ. ಅದು ಕಂಡ ಕೂಡಲೇ ಎಬ್ಬಿಸಿ ಕಟ್ಟೆಯ ಮೇಲೆ ಕೂರಿಸಬೇಕಾಯಿತು.

ಅವರಲ್ಲಿ ಎರಡು ಸನ್ನೆಗಳು ಮತ್ತೆ ಮತ್ತೆ ಬರುತ್ತಿದ್ದವು. ಒಂದು, ತಲೆಯ ಮೇಲಿನ ಸೆರಗು ಜಾರಿದಾಗ ಎಳೆದುಕೊಳ್ಳುವುದು. ಇನ್ನೊಂದು, ನಗು ಬಂದಾಗ ಬಾಯಿಗೆ ಕೈ ಅಡ್ಡ ತರುವುದು. ಮುಂದಿನ ಹಲ್ಲು ಹೋಗಿದ್ದವು. ಎರಡನ್ನೂ ತಡೆಯಲು ಹೋಗುವುದು ವ್ಯರ್ಥ. ಸೆರಗು ಎಳೆಯುವ ಕೈ ಕೆನ್ನೆಯ ಪಕ್ಕ ನಿಂತಾಗ, ಇಳಕಲ್ ಸೀರೆಯ ಟೋಪ್ ತೆನಿ ಸೆರಗಿನ ಕೆಂಪು-ಬಿಳಿ ಪಟ್ಟಿ ಮುಖದ ಸುತ್ತ ಚೌಕಟ್ಟಾಗುತ್ತದೆ. ಅದಕ್ಕೆ ಬೇಕಾದದ್ದು ಇಷ್ಟೇ: ಸೆರಗು ಎಳೆಯುವ ಕೈಯ ಕಡೆಯದಲ್ಲ, ಇನ್ನೊಂದು ಕೆನ್ನೆ ಬಾಗಿಲಿನತ್ತ ಇರಬೇಕು, ಇಲ್ಲದಿದ್ದರೆ ಎತ್ತಿದ ಕೈಯ ನೆರಳು ಮುಖದ ಮೇಲೆ. ಬಾಯಿಗೆ ಬಂದ ಕೈ ಇಳಿಯುವಾಗ ಒಂದು ಗಳಿಗೆ ತುಟಿ ಮುಚ್ಚಿರುತ್ತದೆ, ಕಣ್ಣು ಇನ್ನೂ ನಗುತ್ತಿರುತ್ತದೆ, ಕೈ ಗದ್ದದ ಕೆಳಗೆ ಬಂದಿರುತ್ತದೆ. ಮುಚ್ಚಿದ ಬಾಯಿಯ ನಿಜವಾದ ನಗು ಸಿಗುವ ಜಾಗ ಅದೊಂದೇ.

ನಡುವೆ ಕ್ಯಾಮೆರಾದ ಪರದೆಯಲ್ಲಿ ಚಿತ್ರ ತೋರಿಸಿ ಹುರಿದುಂಬಿಸುವ ರೂಢಿಯಿದೆ. ಮದುಮಕ್ಕಳಿಗೆ ಸರಿ, ಇಂಥವರಿಗೆ ಬೇಡ. ತಮ್ಮ ಹಲ್ಲನ್ನೋ ಸುಕ್ಕನ್ನೋ ಒಮ್ಮೆ ಕಂಡವರು ಉಳಿದ ಹೊತ್ತೆಲ್ಲ ಅದನ್ನು ಮುಚ್ಚುವುದರಲ್ಲೇ ಇರುತ್ತಾರೆ. ಇಲ್ಲಿ ತೋರಿಸಿದ್ದು ಕುರ್ಚಿಯ ಆ ಮೊದಲ ಫೋಟೋ ಮಾತ್ರ.

ಎಲೆ ಅಡಿಕೆ

ಇಬ್ಬರನ್ನೂ ಒಂದೇ ಚೌಕಟ್ಟಿಗೆ ತರುವುದು ಕಷ್ಟದ ಭಾಗ. ಮಗ ತಡೆಯಲಾರದೆ "ಹೆಗಲ ಮ್ಯಾಲ ಕೈ ಹಾಕಪ್ಪಾ" ಅಂದಾಗ ಅಜ್ಜಿ ಸರ್ರನೆ ಸರಿದು ಕೂತರು, ಮೊಳದ ಅಂತರ ಎರಡು ಮೊಳವಾಯಿತು. "ಒಬ್ಬರನ್ನೊಬ್ಬರು ನೋಡ್ರಿ" ಎಂಬುದೂ ಹಾಗೇ. ಅಜ್ಜಿ ನೆಲ ನೋಡಿದರು, ಅಜ್ಜ ಬಾಗಿಲು. ಓಣಿಯಲ್ಲಿ ಒಟ್ಟಿಗೆ ನಡೆಸಿ ನೋಡಿದರೆ ಅಜ್ಜ ಮುಂದೆ, ಅಜ್ಜಿ ನಾಲ್ಕು ಹೆಜ್ಜೆ ಹಿಂದೆ, ಅವರ ಎಂದಿನ ಕ್ರಮದಲ್ಲೇ. ಬಸಿಯಲ್ಲಿ ಚಹಾ ಕುಡಿಯುವುದು ಸಹಜವೇನೋ ಹೌದು, ಆದರೆ ಬಸಿ ಮೂಗಿನವರೆಗೆ ಮುಖ ಮುಚ್ಚುತ್ತದೆ.

ಮುಟ್ಟಿಸಲಾಗದವರ ನಡುವೆ ಒಂದು ವಸ್ತು ಇಡಬೇಕು. ಇವರ ನಡುವೆ ಐವತ್ತು ವರ್ಷದಿಂದ ಓಡಾಡಿದ ವಸ್ತು ಎಲೆ ಅಡಿಕೆಯ ಚಂಚಿ, ಅಂದರೆ ಬಟ್ಟೆಯ ಚೀಲ. ಊಟವಾದ ಮೇಲೆ ಅಜ್ಜಿ ಎಲೆ ಒರೆಸಿ, ತೊಟ್ಟು ಮುರಿದು, ಸುಣ್ಣ ಹಚ್ಚಿ, ಮಡಚಿ ಕೊಡುತ್ತಾರೆ. ಅಜ್ಜ ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸುತ್ತಾರೆ. ಇದು ಮೊಮ್ಮಗನ ಬಾಯಿಂದ ಗೊತ್ತಾದ ವಿಷಯ. ಚಿತ್ರಕ್ಕೆ ಮುಂಚೆ ಮನೆಯವರನ್ನು ಕೇಳಬೇಕಾದ ಪ್ರಶ್ನೆ ಇದೇ: ಇಬ್ಬರೂ ಸೇರಿ ದಿನಾ ಮಾಡುವ ಕೆಲಸ ಯಾವುದು?

ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂರಿಸಿದರು, ಇಬ್ಬರೂ ಲೆನ್ಸಿಗೆ ಎದುರಾಗಿ ಅಲ್ಲ, ಮೊಳಕಾಲು ಒಬ್ಬರತ್ತ ಒಬ್ಬರು ತಿರುಗುವಂತೆ, ಅರ್ಧ ತೆರೆದ ಬಾಗಿಲಿನ ಎರಡು ಕದಗಳಂತೆ. ಚಂಚಿ ನಡುವೆ. 85 ಎಂಎಂ ಲೆನ್ಸ್, ಎರಡೂವರೆ ಮೀಟರ್, ಎಫ್/4. ಈ ಲೆಕ್ಕದಲ್ಲಿ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಬರುವ ಆಳ ಸುಮಾರು 20 ಸೆಂಟಿಮೀಟರ್, ಅಂದರೆ ಒಂದು ಗೇಣು. ಇಬ್ಬರ ಕಣ್ಣೂ ಆ ಗೇಣಿನೊಳಗೆ ಇರಬೇಕು. ಎಫ್/2ಕ್ಕೆ ತೆರೆದರೆ ಅದು ಅರ್ಧವಾಗಿ, ಒಬ್ಬರು ಚೂಪು ಒಬ್ಬರು ಮಂಜು. ಹಿನ್ನೆಲೆ ಕರಗಿಸುವ ಆಸೆಗೆ ಜೋಡಿ ಚಿತ್ರ ಕೆಡುವುದು ಹೀಗೆಯೇ. ಹಿನ್ನೆಲೆಗೆ ಎರಡು ಮೀಟರ್ ಹಿಂದೆ ಮಗ್ಗದ ಕತ್ತಲು ಇತ್ತು, ಎಫ್/4ರಲ್ಲೂ ಸಾಕಷ್ಟು ಮೆತ್ತಗಾಯಿತು.

ಮೊದಲ ಸಲ ಇಬ್ಬರ ನೋಟವೂ ಚಂಚಿಯೊಳಗೆ ಮುಳುಗಿ, ನಾಲ್ಕು ರೆಪ್ಪೆಯೂ ಮುಚ್ಚಿದಂತೆ ಬಂತು. ಚಂಚಿಯ ಕೆಳಗೆ ಒಂದು ಮಣೆ ಇಟ್ಟು ಒಂದು ಗೇಣು ಎತ್ತರಿಸಿದಾಗ ಕೈ ಎದೆಯ ಮಟ್ಟಕ್ಕೆ ಬಂದವು, ನೋಟ ಅಷ್ಟು ಕೆಳಗಿಳಿಯಬೇಕಾಗಲಿಲ್ಲ. ಕ್ಯಾಮೆರಾವನ್ನೂ ನಾಲ್ಕು ಬೆರಳು ತಗ್ಗಿಸಲಾಯಿತು. ಹೀಗೆ ವಸ್ತುವಿನ ಎತ್ತರ ಬದಲಿಸಿದರೆ ಕತ್ತು, ಕಣ್ಣು, ಭುಜ ಮೂರೂ ಬದಲಾಗುತ್ತವೆ, ಕೂತವರಿಗೆ ಏನೂ ಹೇಳಬೇಕಿಲ್ಲ. ಬಾಯಿಮಾತಿನ ಸೂಚನೆಗಿಂತ ಇದು ಯಾವಾಗಲೂ ಮೇಲು.

ಮಡಚಿದ ಎಲೆ ಅಜ್ಜಿಯ ಕೈಯಿಂದ ಅಜ್ಜನ ಕೈಗೆ ಹೋಗುವ ಹೊತ್ತು. ಕೈಗೆ ಕೈ ಸೇರಿದ ಮೇಲೆ ಒತ್ತಿದರೆ ಎರಡು ಕೈಯೂ ಒಂದು ಮುದ್ದೆಯಾಗಿ ಕಾಣುತ್ತವೆ. ಸೇರುವ ಮೊದಲು, ನಡುವೆ ಎರಡು-ಮೂರು ಬೆರಳಿನಷ್ಟು ಜಾಗ ಉಳಿದಿರುವಾಗ ಒತ್ತಬೇಕು. ಆ ಹೊತ್ತಿಗೆ ಸಹಾಯಕಿ ಅಜ್ಜನನ್ನು ಕೇಳಿದಳು, "ಸುಣ್ಣ ಸರಿ ಹಚ್ಚತಾರೇನ್ರಿ ಆಯಿ?" ಅಜ್ಜನ ಕೈ ಅಲ್ಲೇ ನಿಂತಿತು. ಹೆಂಡತಿಯ ಮುಖ ನೋಡಿದರು, ಹಳೇ ತಕರಾರೊಂದು ತುಟಿಯಂಚಿಗೆ ಬಂದಿತ್ತು. ಅಜ್ಜಿ ಎಲೆ ಚಾಚಿದ ಕೈ ಹಿಂದೆ ತೆಗೆಯದೆ ಕಣ್ಣೆತ್ತಿ ಅವರನ್ನು ನೋಡಿದರು, ಬಳೆ ಮೊಳಕೈಯತ್ತ ಜಾರಿದ್ದವು. ಒಬ್ಬರನ್ನೊಬ್ಬರು ನೋಡಿ ಎಂದು ಹೇಳಿ ಪಡೆಯಲಾಗದ ನೋಟ ಸುಣ್ಣದ ಮಾತಿಗೆ ಬಂತು.

ಇದನ್ನು ಮೂರು ಸಲಕ್ಕಿಂತ ಹೆಚ್ಚು ಮಾಡಿಸಬಾರದು, ನಾಲ್ಕನೆಯದರಲ್ಲಿ ಅಭಿನಯ ಶುರುವಾಗುತ್ತದೆ. ಮತ್ತೊಂದು ಪ್ರಾಯೋಗಿಕ ಎಚ್ಚರ: ಎಲೆ ಬಾಯಿಗೆ ಹೋಯಿತೆಂದರೆ ಕೆನ್ನೆ ಉಬ್ಬಿ ಹತ್ತು ನಿಮಿಷ ಮುಖದ ಚಿತ್ರ ಇಲ್ಲ, ತುಟಿಯೂ ಕೆಂಪು. ಕೊನೆಯ ಸಲದವರೆಗೆ ಎಲೆ ಕೈಯಲ್ಲೇ ಇರಲಿ ಎಂದು ಮೊದಲೇ ಕೇಳಿಕೊಳ್ಳಬೇಕು.

ಸೂಚನೆಯ ಮಾತು

ಇಡೀ ಬೆಳಗ್ಗೆ ಬಳಸಿದ ಸೂಚನೆಗಳು ಬೆರಳೆಣಿಕೆಯಷ್ಟು. "ಎಡಕ್ಕ", "ಬಲಕ್ಕ" ಎನ್ನುವುದನ್ನು ಬಿಟ್ಟು "ಬಾಗಲ ಕಡೆ", "ಮಗ್ಗದ ಕಡೆ" ಅಂದರೆ ಯಾರ ಎಡ ಎಂಬ ಗೊಂದಲವಿಲ್ಲ. "ಬೆನ್ನು ನೆಟ್ಟಗ ಮಾಡ್ರಿ" ಅಂದರೆ ಎದೆ ಉಬ್ಬಿ ಪರೇಡು. ಗೋಡೆಗೆ ಒರಗಲು ಹೇಳಿ, ಆಮೇಲೆ "ಇತ್ತ ಸ್ವಲ್ಪ ಬರ್ರಿ" ಅಂದಾಗ ಬೆನ್ನು ನೀಳವಾಗಿಯೇ ಉಳಿದು ಮುಖ ಮುಂದೆ ಬಂತು. "ಗದ್ದ ಕೆಳಗ" ಎಂಬ ಮಾತಿಗೆ ಗಂಟಲ ಬಳಿ ಮಡಿಕೆ ಬೀಳುತ್ತದೆ. ಸೊಂಟದಿಂದ ಮುಂದಕ್ಕೆ ಬಾಗಿಸಿದರೆ ಗದ್ದ ಮುಂದೆ ಬಂದು ತುಸು ಇಳಿಯುತ್ತದೆ, ಅಜ್ಜನ ಕನ್ನಡಕದ ಮೇಲಿನ ಬಾಗಿಲ ಪ್ರತಿಫಲನವೂ ಅದೇ ಬಾಗಿನಲ್ಲಿ ಹೊರಟುಹೋಯಿತು. ಒಂದು ಸಲಕ್ಕೆ ಒಂದೇ ತಿದ್ದುಪಡಿ, ಅದೂ ಕೈ ಕೆಲಸದಲ್ಲಿ ತೊಡಗಿದ ಮೇಲೆ. ಮಾತಿನಲ್ಲಿ ಹೇಳಲು ಬಾರದ್ದನ್ನು ಎದುರು ಕೂತು ಕನ್ನಡಿಯ ಹಾಗೆ ಮಾಡಿ ತೋರಿಸುವುದು. ಮುಟ್ಟಿ ತಿದ್ದುವುದು ಇಲ್ಲ.

ಆಯ್ಕೆ, ಅಚ್ಚು

24 ಮೆಗಾಪಿಕ್ಸೆಲ್ಲಿನ 6000×4000 ಕಡತವನ್ನು 36 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 166 ಪಿಕ್ಸೆಲ್ ಸಿಗುತ್ತದೆ. ಆರೇಳು ಅಡಿ ದೂರದಿಂದ ನೋಡುವ ಚಿತ್ರಕ್ಕೆ ಧಾರಾಳ, ಆದರೆ ಆಮೇಲೆ ಕತ್ತರಿಸುವ ಸ್ವಾತಂತ್ರ್ಯ ಇಲ್ಲ. 24×36 ಮತ್ತು ಸೆನ್ಸರ್ ಎರಡೂ 2:3ರ ಅನುಪಾತದವಾದ್ದರಿಂದ ತೆಗೆಯುವಾಗಲೇ ಚೌಕಟ್ಟು ಪೂರ್ತಿ ಬಳಸಲಾಗಿತ್ತು. ಮಣಿಕಟ್ಟು, ಮೊಳಕೈ, ಮೊಳಕಾಲಿನ ಕೀಲಿನ ಮೇಲೆ ಅಂಚು ಬೀಳದಂತೆ ಸೊಂಟದ ತುಸು ಕೆಳಗೆ ಚೌಕಟ್ಟು ಮುಗಿಯಿತು.

ಹಾಲಿಗೆ ಆಯ್ಕೆಯಾದದ್ದು ಸುಣ್ಣದ ಮಾತಿನ ಚಿತ್ರ. ಮಗನಿಗೆ ಇಷ್ಟವಾಗಿದ್ದು ಅಜ್ಜಿ ಬಾಯ್ದೆರೆದು ನಕ್ಕ ಇನ್ನೊಂದು. ಅಜ್ಜಿ ಅದನ್ನು ನೋಡಿ "ಬ್ಯಾಡ" ಅಂದರು. ಮುಖ ಅವರದು, ಆದ್ದರಿಂದ ಆ ಸಾಲಿನ ಕಡತಗಳನ್ನು ಮಗನಿಗೆ ಕೊಡದೆ ಅಳಿಸಲಾಯಿತು. ಅಜ್ಜ ಎತ್ತಿಕೊಂಡದ್ದು ಕುರ್ಚಿಯ ಮೇಲೆ ಮೊಳಕಾಲಿಗೆ ಕೈಯಿಟ್ಟು ಕೂತ ಮೊದಲ ಫೋಟೋವನ್ನು. ಅದನ್ನು 12×18ರಲ್ಲಿ ಹಳೇ ಮನೆಯ ಮಗ್ಗದ ಮೇಲಿನ ಗೋಡೆಗೆ ಮಾಡಿಸಿದರು. ಎರಡನ್ನೂ ಮ್ಯಾಟ್ ಕಾಗದದ ಮೇಲೆ ಅಚ್ಚು ಹಾಕಿಸಿದ್ದಕ್ಕೆ ಕಾರಣ ಎರಡು ಗೋಡೆಗಳೂ ಬಾಗಿಲಿಗೆ ಎದುರಾಗಿರುವುದು; ಹೊಳಪು ಕಾಗದ, ಸಾದಾ ಗಾಜು ಹಾಕಿದ್ದರೆ ಹಗಲೆಲ್ಲ ಮುಖಗಳ ಬದಲು ಬಾಗಿಲೇ ಕಾಣುತ್ತಿತ್ತು.